ಸೋದರಮಾವನ ಮೇಣ

ಬೊಯಾಕಾದ ಮಂಜುಗಾಡಿನಲ್ಲಿ ಓಕ್ ಮರದ ಬೇರಿಗೆ
ಬಾಯಿ ಹಚ್ಚಿಕೊಂಡು ಒಂದು ಗಿಡ ಬದುಕುತ್ತದೆ.
ಗಿಡ ಅನ್ನಲಿಕ್ಕೆ ಎಲೆಯಿಲ್ಲ, ಹಸಿರಿನ ಸುಳಿವಿಲ್ಲ,
ತನ್ನದೆನ್ನುವ ಬೇರೂ ಇಲ್ಲ.
ಮಣ್ಣೊಳಗೆ ಕವಲೊಡೆದು ಮಲಗಿರುತ್ತದೆ
ಎಳೆಜಿಂಕೆಯ ಕೊಂಬಿನ ಹಾಗೆ, ಮೈತುಂಬ ಹಳದಿ ತುಪ್ಪಳ.
ಹೂಬಿಡುವ ಹೊತ್ತಿಗೆ ಮಾತ್ರ
ಕೊಳೆತ ಎಲೆ ಸರಿಸಿ ಕೆಂಪು ತಲೆ ಎತ್ತಿ
ಇರುವೆಗೊಂದು ತೊಟ್ಟು, ಜೀರುಂಡೆಗೊಂದು ತೊಟ್ಟು ಸಿಹಿ ಕೊಟ್ಟು
ಮತ್ತೆ ಸುಮ್ಮನಾಗುತ್ತದೆ.
ನಮ್ಮೂರವರು ಸಿಯೆಹೊ ಅನ್ನುತ್ತಾರೆ.

ನಮ್ಮವ್ವ ಉಬಾಲ್ದಿನ ಅನ್ನುತ್ತಿದ್ದಳು: "ನಿನ್ನ ಮಾವ."

ಸುಳ್ಳಲ್ಲ.
ಬೆಲಾರ್ಮಿನೊ ಮಾವ ಎರಡು ದಿನಕ್ಕೆಂದು ಬಂದವನು
ಮೂವತ್ತೆಂಟು ವರ್ಷ ಕೂತ.
ಆಲೂಗಡ್ಡೆ ಅಗೆಯುವ ದಿನ ಸೊಂಟ ಹಿಡಿಯುತ್ತಿತ್ತು,
ಹಾಲು ಕರೆಯುವ ಹೊತ್ತಿಗೆ ಕಣ್ಣು ಹತ್ತುತ್ತಿತ್ತು,
ಸಾರು ಕುದಿಯುವ ವಾಸನೆಗೆ ಎಲ್ಲ ವಾಸಿಯಾಗುತ್ತಿತ್ತು.
ಅಪ್ಪ ಎದುರಿಗೆ ಏನೂ ಅನ್ನುತ್ತಿರಲಿಲ್ಲ;
ತಟ್ಟೆ ಇಡುವ ಸದ್ದಿನಲ್ಲಿ ಎಲ್ಲ ಅನ್ನುತ್ತಿದ್ದ.

ಒಂದೇ ಒಂದು ಕೆಲಸ ಮಾವನಿಗೆ ಬರುತ್ತಿತ್ತು.
ಸಂತರ ಹಬ್ಬಗಳು ಹತ್ತಿರವಾದಂತೆ
ಗೋಣಿ, ಮೊಂಡು ಚಾಕು ಹಿಡಿದು ಕಾಡಿಗೆ ಹೋಗಿ
ಸಿಯೆಹೊ ಕಿತ್ತು ತರುತ್ತಿದ್ದ.
ಜಾಗ ಯಾರಿಗೂ ಹೇಳಲಿಲ್ಲ. ನಾನು ಎರಡು ಸಲ ಹಿಂಬಾಲಿಸಿದೆ;
ಎರಡೂ ಸಲ ಕಾಡೆಲ್ಲ ಸುತ್ತಿಸಿ
ನಮ್ಮ ಹಿತ್ತಲಿಗೇ ತಂದು ಬಿಟ್ಟ.
ಒಣಗಿದ ದಂಟಿನ ತುಂಬ ಮೇಣ.
ತುದಿಗೆ ಕಡ್ಡಿ ಗೀರಿದರೆ ಸಾಕು,
ಬತ್ತಿ ಬೇಡ, ಎಣ್ಣೆ ಬೇಡ, ತಾನೇ ಉರಿಯುತ್ತದೆ.
ಇಗರ್ಜಿಯ ಮೆಟ್ಟಿಲ ಮೇಲೆ ಮಾರಿ, ಬಂದ ಕಾಸನ್ನು
ಮೆಟ್ಟಿಲಿಳಿಯುವಷ್ಟರಲ್ಲಿ ಕುಡಿದು ಮುಗಿಸುತ್ತಿದ್ದ.

ಒಮ್ಮೆ ತುಂಹಾದಿಂದ ಯೆಸೆನಿಯಾ ಎಂಬ ಹುಡುಗಿ ಬಂದಳು,
ಕಾಲೇಜಿನವಳು, ಹಳೆ ಪತ್ರಿಕೆಯ ನಡುವೆ ಗಿಡ ಒತ್ತಿಡುವವಳು.
ಲಾಂಗ್ಸ್‌ಡಾರ್ಫಿಯ, ಅಂದಳು.
ನಮ್ಮಲ್ಲಿ ಯಾರ ನಾಲಗೆಯೂ ಅದಕ್ಕೆ ಹೊರಳಲಿಲ್ಲ.
ಗಂಡು ಬೇರೆ ಹೆಣ್ಣು ಬೇರೆ, ಅಂದಳು.
ದಾಯಾದಿಗಳು ಕೆಲವರು ಕಡಲಾಚೆ
ಮಡಗಾಸ್ಕರಿನಲ್ಲಿದ್ದಾರೆ, ನ್ಯೂಗಿನಿಯಲ್ಲಿದ್ದಾರೆ,
ಅಷ್ಟು ದೂರ ಹೇಗೆ ಹೋದರೋ, ಅಂದಳು.
"ಅಲ್ಲೂ ಯಾರದೋ ಮನೆಯಲ್ಲಿ ಉಣ್ಣುತ್ತಿದ್ದಾರಾ?" ಅವ್ವ ಕೇಳಿದಳು.
"ಹೌದು."
ಮಾವ ಸಾರಿನ ಬಟ್ಟಲಿನಿಂದ ತಲೆ ಎತ್ತಿ
ನೆಂಟರ ಕಾಗದ ಬಂದವನ ಹಾಗೆ ನಕ್ಕ.

ಅವನು ಸತ್ತ ರಾತ್ರಿ ಗುಡ್ಡ ಜರಿದು
ಕರೆಂಟು ಕಂಬ ಅಡ್ಡ ಮಲಗಿತ್ತು.
ಅಂಗಡಿಯ ಮೇಣದಬತ್ತಿ ಎರಡೇ ಇದ್ದವು.
ಅವನ ಮಂಚದಡಿಯ ಪೆಟ್ಟಿಗೆ ಒಡೆದೆವು,
ಸಾರಾಯಿ ಸಿಗಬಹುದೆಂದು ಅಪ್ಪ, ಏನೋ ಎಂದು ನಾನು.
ಒಳಗೆ ಒಂಟಿ ಬೂಟು, ಯಾರೋ ಹೆಂಗಸಿನ ಅರ್ಧ ಫೋಟೊ,
ಪತ್ರಿಕೆಯಲ್ಲಿ ಸುತ್ತಿದ ಸಿಯೆಹೊ ಕಟ್ಟು.
ವರ್ಷಕ್ಕೊಂದರಂತೆ ಇರಬೇಕೆಂದು ಅವ್ವ ಎಣಿಸಲು ಕೂತಳು.
ಲೆಕ್ಕ ಕೂಡಲಿಲ್ಲ. ನಲವತ್ತೊಂದಿದ್ದವು.

ಹಚ್ಚಿದೆವು.
ಹೊಗೆ, ಚಟಪಟ, ಗಂಟಲಿಗೆ ಅಂಟುವ ವಾಸನೆ,
ಆಮೇಲೆ ಬೆಳಕು.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ,
ಇದು ಕತ್ತಲೆಯ ಬುಡದಲ್ಲಿ ಬೆಳೆದ ದೀಪ:
ಯಾವುದೋ ಓಕಿನ ಎಲೆ ದುಡಿದು ತಂದ ಬಿಸಿಲನ್ನು
ನೆಲದಡಿ ಕೂತು ತಿಂದು, ತಿಂದು,
ಖರ್ಚೇ ಮಾಡದೆ ಇಟ್ಟುಕೊಂಡದ್ದು.

ಋಣ ತೀರಿತು, ಅಂದರು ಪಕ್ಕದ ಮನೆಯವರು.
ಅವ್ವ ಒಪ್ಪಲಿಲ್ಲ. ಮೂವತ್ತೆಂಟು ವರ್ಷದ ಸಾರಿಗೆ
ಒಂದು ರಾತ್ರಿಯ ಬೆಳಕು ಯಾವ ಲೆಕ್ಕ, ಅಂದಳು.
ಅನ್ನುತ್ತಲೇ, ಒಂದು ದಂಟು ಆರುವ ಮೊದಲು
ಇನ್ನೊಂದನ್ನು ಹಚ್ಚುತ್ತ ಹೋದಳು.

ಬೆಳಗಿನ ಜಾವಕ್ಕೆ ಏಳು ಉಳಿದಿದ್ದವು.
ಮತ್ತೆ ಪತ್ರಿಕೆಯಲ್ಲಿ ಸುತ್ತಿ
ತನ್ನ ಮಂಚದಡಿಗೆ ತಳ್ಳಿದಳು.

ಆಮೇಲೆ ಮೂರು ಹಬ್ಬ ಕಳೆದಿವೆ. ಕಾಡಿಡೀ ಕೆದಕಿದ್ದೇನೆ.
ಪ್ರತಿ ಸಲವೂ ಬರಿಗೋಣಿ ಹೊತ್ತು
ಹಿತ್ತಲ ಕಡೆಯಿಂದಲೇ ಮನೆಗೆ ಬರುತ್ತೇನೆ.
ಅಲ್ಲೊಂದು ಮುದಿ ಓಕ್ ಇದೆ.
ಅದರ ಬುಡವನ್ನು ಮಾತ್ರ
ನಾನಿನ್ನೂ ಅಗೆದಿಲ್ಲ.