ಬಗ್ಗುವುದು

ಮೀಟರ್ ಓದುವವನಿಗೆ ಮೊದಲ ಪಾಠ
ಯೂನಿಟ್ಟಿನ ಲೆಕ್ಕವಲ್ಲ, ಬಗ್ಗುವುದು.
ನಾಯಿ ಬಂತೋ, ಓಡಬೇಡ, ಬಗ್ಗು.
ಕಲ್ಲಿರಲಿ ಬಿಡಲಿ, ನೆಲಕ್ಕೆ ಕೈ ತಾಗಿದರೆ ಸಾಕು
ಅಂದಿದ್ದ ಹಿರಿಯ ರೀಡರ್ ಚೌಡಪ್ಪ.

ನಿಜ. ಸೀಗೆಹಟ್ಟಿಯಿಂದ ತುಂಗಾ ಚಾನಲ್ ಏರಿಯ ತನಕ
ಹನ್ನೊಂದು ವರ್ಷ ನನ್ನ ಬೆನ್ನೇ ನನ್ನ ಕೋಲು.
ಬಗ್ಗಿದರೆ ಬೀದಿ ಖಾಲಿ.
ಇಲ್ಲದ ಕಲ್ಲಿಗೆ ಬಾಲ ಮುದುಡಿಕೊಂಡು
ಹಾಲಿನ ಬೂತಿನ ಹಿಂದೆ ಹೋಗಿ ನಿಂತು
ಅಲ್ಲಿಂದ ಬೈಯುತ್ತವೆ.
(ಅವಕ್ಕೂ ಇದ್ದಿರಬೇಕು ಒಬ್ಬ ಚೌಡಪ್ಪ:
ಮನುಷ್ಯ ಕುಳ್ಳಾದರೆ ಓಡು.)

ಟೈಲರ್ ಪಂಢರಿಯ ಗುಂಡಿ ಮಾತ್ರ ಬೇರೆ.
ಅಂಗಿ ಗುಂಡಿಯಷ್ಟಿದ್ದಾಗ ಚಿಂದಿ ಚೀಲದೊಳಗೆ ಸಿಕ್ಕವಳು.
ಕತ್ತರಿ ಎತ್ತಿದರೆ ಬಟ್ಟೆಗೆ, ಸ್ಕೇಲ್ ಎತ್ತಿದರೆ ತನಗೆ,
ಟೇಪು ಕೊರಳಿಗೆ ಬಿತ್ತೋ, ಗಿರಾಕಿ ಬಂದ,
ಗಿರಾಕಿ ಹೋದಮೇಲೆ ಪಂಢರಿ ಸುಮ್ಮನೆ ಕನ್ನಡಕ ಒರೆಸಿದರೆ
ಅವ ದುಡ್ಡು ಕೊಡಲಿಲ್ಲ.
ಎಲ್ಲ ಗೊತ್ತು.
ಬಾಯಲ್ಲಿ ಸೂಜಿ ಕಚ್ಚಿಕೊಂಡು ಗದ್ದ ಆಡಿಸಿದರೂ ಆಯಿತು,
ಮೆಷಿನ್ ಕಾಲಡಿಯ ಬಿಸ್ಕತ್ತು ಅವಳಿಗೆ ಸಿಗುತ್ತದೆ.
ನಮ್ಮನೆ ಬೆಕ್ಕು ಹಾಗಲ್ಲ, ಮೀನು ತೋರಿಸಿದರೆ
ನನ್ನ ಬೆರಳನ್ನೇ ಮೂಸುತ್ತದೆ.

ಮೂರು ತಿಂಗಳ ಬಾಕಿ. ಲೈನ್‌ಮನ್ ಜೊತೆ ಹೋದೆ.
ಬಾಯಿ ಬರಲಿಲ್ಲ. ಬೆರಳು ತೋರಿದೆ: ಆ ಫ್ಯೂಸು.
ಪಂಢರಿ ನೆಲ ನೋಡಿದ.
ಲೈನ್‌ಮನ್ ತನ್ನ ಏಣಿ ನೋಡಿದ.
ಗುಂಡಿಯೊಬ್ಬಳು
ನನ್ನ ಬೆರಳ ತುದಿಯಿಂದ ಹೊರಟು
ಗೋಡೆಯ ಮೇಲಿನ ಫ್ಯೂಸಿನ ತನಕ ನೋಡುತ್ತ ಹೋಗಿ
ಅಲ್ಲಿ ತಿನ್ನುವಂಥದ್ದೇನೂ ಕಾಣದೆ
ತಿರುಗಿ ಬಂದು ನನ್ನ ಮುಖದಲ್ಲಿ ನಿಂತಳು,
ಸರಿಯಾಗಿ ನೋಡಿಯೇ ತೋರಿಸಿದೆಯಾ ಅಂತ.

ಮೆಷಿನ್ನಿನ ಪುಟ್ಟ ದೀಪ ಆರಿತು.
ಪಂಢರಿಯ ಹೆಗಲು ಇಳಿಯುವುದಕ್ಕೂ ಮುಂಚೆ
ಅವಳ ಬಾಲ ಇಳಿದಿತ್ತು.

ಹೊರಗೆ ಬಂದು ಬಗ್ಗಿದೆ. ಸುಳ್ಳಿಗಲ್ಲ,
ಶೂ ಲೇಸು ಬಿಚ್ಚಿತ್ತು, ಬೆರಳು ಗಂಟಿಗೆ ಒಗ್ಗಲಿಲ್ಲ.
ಬೀದಿಯ ನಾಯಿಗಳೆಲ್ಲ ಓಡಿದವು.
ಗುಂಡಿ ಓಡಲಿಲ್ಲ.
ಹನ್ನೊಂದು ವರ್ಷ ನಾನು ಬಗ್ಗಿದ್ದರಲ್ಲಿ
ಇದೊಂದನ್ನು ಬೇರೆ ತೆಗೆದಿಟ್ಟವಳಂತೆ
ಹತ್ತಿರ ಬಂದು, ಮೊಣಕೈ ಕೆಳಗೆ ಮೂಗು ತೂರಿಸಿ,
ಖಾಲಿ ಅಂಗೈ ಖಾಲಿಯೇ ಎಂದು ನೋಡಿಕೊಂಡು
ಅಲ್ಲೇ ಕೂತಳು.

ಪಂಢರಿ ಬಾಕಿ ಕಟ್ಟಿದ. ದೀಪ ಬಂತು.
ಈಗಲೂ ತಿಂಗಳಿಗೊಮ್ಮೆ ಆ ಬೀದಿಗೆ ಹೋಗುತ್ತೇನೆ.
ಬಗ್ಗುವುದಿಲ್ಲ. ಬೊಗಳುವವು ಬೊಗಳಿಕೊಳ್ಳಲಿ.
ಲೇಸು ಬಿಚ್ಚಿದರೆ
ಎಳೆದುಕೊಂಡೇ ಚಾನಲ್ ದಾಟಿ
ಆಚೆ ಕಟ್ಟಿಕೊಳ್ಳುತ್ತೇನೆ.