ಒಂದು ಅಂಕಿ

ಏರುವಾಗ ಗಾಡಿ ಹಗುರ.
ಇಸ್ತ್ರಿ ಮಾಡಿದ ಚಾದರು, ಮಡಿಕೆ ಮುರಿಯದ್ದು,
ಒಣ ಬಿಸಿಲಿನ ವಾಸನೆ.
ಆದರೂ ಅಲ್ತಿನೊ ಗುಡ್ಡದ ಎರಡನೇ ತಿರುವಿಗೆ
ಬ್ಯಾಟರಿ ಅರವತ್ಮೂರು, ಅರವತ್ತೆರಡು,
ಬಿಷಪ್ಪರ ಮನೆಯ ಗೋಡೆ ದಾಟುವಷ್ಟರಲ್ಲಿ ಅರವತ್ತು.
ಫಕೀರವ್ವ ಆ ಅಂಕಿಯನ್ನೇ ನೋಡುತ್ತಾಳೆ,
ಅಂಗಡಿಯವನ ತಕ್ಕಡಿ ಮುಳ್ಳು ನೋಡುವವರ ಹಾಗೆ.

ಇಳಿಯುವಾಗ ಹಿಂದೆ ನಾನು, ನನ್ನ ಸುತ್ತ ಗಂಟು:
ಈಜುಕೊಳದ ಹಸಿ ಟವೆಲ್ಲು,
ಯಾರೋ ಮರಳುಗಾಲಲ್ಲೇ ಮಲಗಿದ,
ಯಾರೋ ವೈನ್ ಚೆಲ್ಲಿದ,
ಯಾರೋ ನಿದ್ದೆ ಬಾರದೆ ಹೊರಳಿದ ಹಾಸು.
ಮುನ್ನೂರು ಕೆ.ಜಿ., ಮೇಲೆ ನನ್ನದೊಂದು ಐವತ್ತು.
ಅವಳು ಕಾಲೆತ್ತುತ್ತಾಳೆ. ಬ್ರೇಕು ಮುಟ್ಟುವುದಿಲ್ಲ.
ಗಾಡಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ,
ಹೊಟ್ಟೆಯೊಳಗಿಂದ ಸಣ್ಣ ಗುಂಯ್ ಸದ್ದು;
ಇಷ್ಟೊತ್ತು ಎಳೆದ ಮೋಟಾರು ಈಗ ಎಳೆಸಿಕೊಳ್ಳುತ್ತಿದೆ.
‘ಬಂತು ನೋಡು,’ ಅನ್ನುತ್ತಾಳೆ.
ಅರವತ್ತು ಇದ್ದದ್ದು ಅರವತ್ತೊಂದು.

ಒಂದು. ಅಷ್ಟೇ.
‘ಏರಾಕ ಮೂರು ತಗೊಂಡೈತಿ, ಉಳಿದ ಎರಡು ಎಲ್ಲಿ ಹೋದ್ವು?’
‘ಗುಡ್ಡಕ್ಕ ಬಾಡಿಗಿ ಬ್ಯಾಡೇನು?’

ಇದಕ್ಕೂ ಮುಂಚೆ ಕಾಯ್ತಾನ್ ಬಾಬನ ಡೀಸೆಲ್ ಟೆಂಪೋ.
ಇಳಿಜಾರು ಬಂತೆಂದರೆ ಎಂಜಿನ್ ಆರಿಸಿ,
ಎದೆಯ ಶಿಲುಬೆ ಮುಟ್ಟಿ, ನ್ಯೂಟ್ರಲ್‌ಗೆ ಬಿಡುತ್ತಿದ್ದ.
ಉಳಿತಾಯವೋ ಉಳಿತಾಯ!
ಕೆಳಗೆ ಬಂದಾಗ ಬ್ರೇಕಿನ ಸುಟ್ಟ ವಾಸನೆ
ಒಗೆಯುವ ಬಟ್ಟೆಗೂ ಹತ್ತಿರುತ್ತಿತ್ತು.
ಆ ಬಿಸಿಯೆಲ್ಲ ಯಾರ ಅನ್ನ ಬೇಯಿಸಿತು?
ಪಣಜಿಯ ಗಾಳಿಗೆ ಹೋಯಿತು.

ಒಮ್ಮೆ ಹೋಟೆಲಿನವರು ದೊಡ್ಡ ಮನಸ್ಸು ಮಾಡಿ
ಮೇಲೆಯೇ ಪ್ಲಗ್ಗು ಕೊಟ್ಟರು. ನೂರು ತುಂಬಿತು.
ಆವತ್ತು ಮೊದಲ ತಿರುವಿನಲ್ಲಿ ಅವಳು ಕಾಲೆತ್ತಿದರೆ
ಗಾಡಿ ಹಿಡಿದುಕೊಳ್ಳಲೇ ಇಲ್ಲ, ಜಾರಿತು.
ತುಂಬಿದ್ದಕ್ಕೆ ಇನ್ನೇನೂ ಬೇಕಿರಲಿಲ್ಲ.
ಬ್ರೇಕು ತುಳಿದು, ಬೆವರಿ, ಗೋಡೆ ಪಕ್ಕ ನಿಲ್ಲಿಸಿ
ಗದಗಿನಲ್ಲಿ ಬಿಟ್ಟುಬಂದವನನ್ನು ಬೈದ ಹಾಗೆ
ಗಾಡಿಯನ್ನು ಬೈದಳು.
ಅಂದಿನಿಂದ ಎಂಬತ್ತಕ್ಕೇ ಪ್ಲಗ್ಗು ಕೀಳುತ್ತಾಳೆ:
‘ಇಳಿಯಾಕ ಜಾಗಾ ಇಟ್ಕೋಬೇಕು.’

ನಾನು ಈಗ ಬೇಕಂತಲೇ ಎಲ್ಲಕ್ಕಿಂತ ದೊಡ್ಡ ಗಂಟಿನ ಮೇಲೆ ಕೂರುತ್ತೇನೆ.
ಎರಡು ಟವೆಲ್ಲು ಜಾಸ್ತಿ ನೆನೆಸಿದ್ದೂ ಉಂಟು,
ಯಾರಿಗೂ ಹೇಳಬೇಡಿ.
ಕೆಳಗೆ ಮಾಂಡೋವಿ. ಕ್ಯಾಸಿನೊ ಹಡಗುಗಳ ದೀಪ ಇನ್ನೂ ಹತ್ತಿಲ್ಲ.
ಅಂಕಿ ಅರವತ್ತರಲ್ಲೇ ನಿಂತಿದೆ.
ಕೊನೆಯ ತಿರುವು.
ಇಬ್ಬರೂ ಮಾತಾಡುವುದಿಲ್ಲ.