ಕೊಟ್ಟದ್ದು ಎಂಬ ಕಾಲಂ

ಸಾಗರದ ನಮ್ಮ ಧರ್ಮಾಸ್ಪತ್ರೆಯ ಹಳೆಯ ರಿಜಿಸ್ಟರುಗಳನ್ನೆಲ್ಲ
ಕಂಪ್ಯೂಟರಿಗೆ ಏರಿಸಬೇಕೆಂದು ಟ್ರಸ್ಟಿನ ಠರಾವಾಗಿ
ಇಂದಿಗೆ ಹನ್ನೊಂದು ದಿನ.
ನಾನಿನ್ನೂ ಎರಡನೇ ಪುಸ್ತಕದಲ್ಲೇ ಇದ್ದೇನೆ.
ಮೊದಲನೆಯದನ್ನು ಗೆದ್ದಲು ಓದಿ ಮುಗಿಸಿತ್ತು.

ಐದು ಕಾಲಂ: ಹೆಸರು, ಊರು, ಬಾಧೆ, ಮದ್ದು, ಕೊಟ್ಟದ್ದು.
ಕಂಪೌಂಡರ್ ಹೂವಪ್ಪನ ಅಕ್ಷರ
ಮುಳ್ಳುಬೇಲಿಯ ಹಾಗೆ, ದಾಟುವಾಗ ಸೆರಗು ಸಿಕ್ಕಿಕೊಳ್ಳುತ್ತದೆ.

ಗುತ್ಯಮ್ಮ, ಕೋಂ ಬಂಗಾರ. ಚಳಿಜ್ವರ. ಕ್ವಿನೈನು.
ಕೊಟ್ಟದ್ದು: ಗೆಣಸು, ಒಂದು ಬುಟ್ಟಿ.
ಇಮಾಂ ಸಾಬ, ಗಾಡಿ ಹೊಡೆಯುವವ. ಪಕ್ಕೆಲುಬು.
ಕೊಟ್ಟದ್ದು: ಶಿವಮೊಗ್ಗದಿಂದ ಮೂರು ಸಲ ಔಷಧಿ ಪೆಟ್ಟಿಗೆ ತಂದ.
ಹೆಂಗಸು. ಹೆಸರು ಹೇಳಲಿಲ್ಲ. ಊರೂ ಹೇಳಲಿಲ್ಲ.
ಕೊಟ್ಟದ್ದು: ಹಜಾರ ಗುಡಿಸಿ ಹೋದಳು.

ಕಂಪ್ಯೂಟರಿನಲ್ಲೂ ಈ ಕಾಲಂ ಇದೆ. ಅಂಕಿ ಮಾತ್ರ ತಿನ್ನುತ್ತದೆ.
ಗೆಣಸು ಎಂದು ಹೊಡೆದರೆ ಕೆಂಪಗಾಗುತ್ತದೆ.
ಸೊನ್ನೆ ಹಾಕಿ ಮೇಡಂ, ಎಂದರು ಫೋನಿನಲ್ಲಿ.
ಹಜಾರ ಗುಡಿಸಿದವಳ ಮುಂದೆ ಸೊನ್ನೆ ಒತ್ತಲು
ಬೆರಳು ಯಾಕೋ ಹಿಂದೆ ಹಿಂದೆ.

ಆಗ ಇದು ಅಕ್ಕಿ ಗಿರಣಿಯ ಗೋದಾಮಂತೆ. ನಾಲ್ಕು ಮಂಚ,
ಒಂದು ಪೆಟ್ರೊಮ್ಯಾಕ್ಸು, ಡಾಕ್ಟರ್ ವಾಮನ ಕಿಣಿ.
ತೌಡಿನ ಧೂಳಿಗೆ ರೋಗಿಗಳೆಲ್ಲ ಸೀನುತ್ತಿದ್ದರಂತೆ,
ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು.

ಅಣೆಕಟ್ಟಿನ ಕೆಲಸಕ್ಕೆ ಸೇಲಂ ಕಡೆಯಿಂದ ಬಂದವನು ಪೆರುಮಾಳು.
ಕಲ್ಲು ಉರುಳಿ ಎಡಗಾಲು ಹೋಯಿತು.
ಗುಡಿಗಾರರ ಜಟ್ಟಪ್ಪನನ್ನು ಕರೆಸಿದರು.
ಶಿವನಿ ಮರದ ಕಾಲು, ಹಗುರ, ನೇರ.
ಚಿತ್ತಾರ ಬೇಡ ಎಂದು ಡಾಕ್ಟರು ಎರಡು ಸಲ ಹೇಳಿದ್ದರೂ
ಹಿಮ್ಮಡಿಯ ಹತ್ತಿರ ಒಂದು ಚಿಕ್ಕ ಬಳ್ಳಿ, ಅದರಲ್ಲೊಂದು ಗಿಳಿ.
ಕೈ ಕೇಳಲಿಲ್ಲ ಅಂದನಂತೆ ಜಟ್ಟಪ್ಪ.
ಗಿಳಿಯ ಮೇಲೆ ನಿಂತು ಪೆರುಮಾಳು
ಏಳು ವರ್ಷ ಇಲ್ಲೇ ಗೇಟು ಕಾದ.

ಮಂಗ ಸತ್ತ ವರ್ಷದ ಪುಟಗಳಲ್ಲಿ ಮದ್ದಿನ ಕಾಲಂ ಖಾಲಿ.
ಸೌದೆಗೆ ಹೋದವರು, ದನ ಅರಸಿ ಹೋದವರು,
ಉಣುಗು ಕಚ್ಚಿದ್ದೂ ಗೊತ್ತಾಗದೆ ಜ್ವರದಲ್ಲಿ ಬಂದವರು.
ನರ್ಸ್ ಯುಫ್ರೇಸಿಯಾ ಬರೆಸಿದ್ದು ಇಷ್ಟೆ: ಒದ್ದೆ ಬಟ್ಟೆ. ಗಂಜಿ. ಒದ್ದೆ ಬಟ್ಟೆ.
ಹದಿನಾಲ್ಕನೇ ಸಾಲಿಗೆ ಅವಳದೇ ಹೆಸರು.
ಊರು: ಆಸ್ಪತ್ರೆ.
ಕೊಟ್ಟದ್ದು ಎಂಬಲ್ಲಿ ಹೂವಪ್ಪ ಒಂದು ಗೆರೆ ಎಳೆದಿದ್ದಾನೆ.
ಪೆನ್ನು ಎತ್ತಿಲ್ಲ. ಪುಟದ ಅಂಚಿನವರೆಗೂ ಹೋಗಿದೆ.

ಅಲ್ಲಿ ನಾನು ಕಂಪ್ಯೂಟರ್ ಆರಿಸಿ ಚಹಾ ಕುಡಿಯಲು ಹೋದೆ.

ಊರಿನ ಕಾಲಂ ಇನ್ನೊಂದು ತಕರಾರು.
ಪಿನ್ ಕೋಡ್ ಕೇಳುತ್ತದೆ.
ಮಣಗಳಲೆ, ಹೊಸಕೊಪ್ಪದ ಕೆಳಕೇರಿ, ಸಂಪಿಗೆಹಡ್ಲು:
ನೀರಿನ ಕೆಳಗೆ ಟಪಾಲು ಹೋಗುವುದಿಲ್ಲವಲ್ಲ.
ಜ್ವರ ಬಿಟ್ಟು ಮನೆಗೆ ಹೋದರು ಎಂದು ಬರೆದಿದೆ,
ಮನೆ ಎಲ್ಲಿಗೆ ಹೋಯಿತೆಂದು ಬರೆದಿಲ್ಲ.

ಮೊನ್ನೆ ಬೆಳಗಿನ ಜಾವ ನಮ್ಮ ಆಂಬುಲೆನ್ಸು
ಹಿನ್ನೀರಿನ ಲಾಂಚು ಹತ್ತಿತ್ತು. ಅರ್ಧ ದಾರಿಗೇ ಹೆರಿಗೆ.
ಹೆಣ್ಣು, ಎರಡೂಮುಕ್ಕಾಲು ಕಿಲೊ.
ಲಾಂಚಿನವನು ಇಂಜಿನ್ ನಿಲ್ಲಿಸಿ, ಆಚೆ ತಿರುಗಿ ನಿಂತನಂತೆ.
ಹುಟ್ಟಿದ ಸ್ಥಳ? ಎಂದು ಕೇಳಿದೆ.
ಬಾಣಂತಿಯ ಅಜ್ಜಿ, ಎಂಬತ್ತು ದಾಟಿದ ಚೌಡಮ್ಮ, ಹೇಳಿತು:
'ಮಣಗಳಲೆ ಅಂತ ಬರಿ ಮಗಾ.
ಅಲ್ಲೇ ಕೆಳಗೆ ನಮ್ಮ ಕಣ ಇತ್ತು.'

ಹೊಡೆದೆ. ಕೆಂಪಗಾಯಿತು.
ಮತ್ತೆ ಹೊಡೆದೆ.
ಆಮೇಲೆ ಡ್ರಾಯರಿನಿಂದ ಒಂದು ಹೊಸ ನೋಟ್‌ಬುಕ್ ತೆಗೆದು
ಸ್ಕೇಲು ಹಿಡಿದು ಐದು ಕಾಲಂ ಹಾಕಿದೆ.

ಕೊಟ್ಟದ್ದು: ಹಿನ್ನೀರಿನ ಮೀನು, ಎರಡು.
ನಾನು ಬೇಡ ಅಂದೆ. ಮುತ್ತುಗದೆಲೆಯಲ್ಲಿ ಸುತ್ತಿ
ಮೇಜಿನ ಮೇಲೇ ಇಟ್ಟು ಹೋದರು.
ಕೀಬೋರ್ಡು ಇನ್ನೂ ಸ್ವಲ್ಪ ನಾರುತ್ತಿದೆ.